ಕೆಲಸ ಒಪ್ಪಿಸುವುದು, ಎದ್ದು ನಿಂತು ಮಾತನಾಡುವುದು: ಸಣ್ಣ ಉದ್ದಿಮೆ ನಡೆಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಚೆನ್ನಾಗಿ ನಡೆಯುತ್ತಿರುವ ಸಣ್ಣ ಉದ್ದಿಮೆ ಒಂದು ಹಂತಕ್ಕೆ ಬಂದು ಅಲ್ಲೇ ನಿಂತುಬಿಡುವುದನ್ನು ಬಹಳ ಸಲ ನೋಡಿದ್ದೇನೆ. ಗ್ರಾಹಕರಿದ್ದಾರೆ, ಕೆಲಸದ ಗುಣಮಟ್ಟಕ್ಕೆ ಕೊರತೆಯಿಲ್ಲ, ಆದರೆ ಮಾಲೀಕರ ದಿನದಲ್ಲಿ ಇನ್ನು ಒಂದು ಗಂಟೆಗೂ ಜಾಗವಿಲ್ಲ. ಅವರು ಕೇಳುವ ಪ್ರಶ್ನೆಗಳೆಲ್ಲ ಎರಡೇ ಕಡೆಯಿಂದ ಬರುತ್ತವೆ. ಕೆಲಸವನ್ನು ಬೇರೆಯವರ ಕೈಗೆ ಹೇಗೆ ಬಿಡುವುದು ಎಂಬುದು ಒಂದು, ನಾಲ್ಕು ಜನರ ಮುಂದೆ ಹೇಗೆ ಬಾಯಿ ಬಿಡುವುದು ಎಂಬುದು ಇನ್ನೊಂದು.

ಈ ಎರಡಕ್ಕೂ ಏನು ಸಂಬಂಧ? ಒಂದು ಒಳಗಿನ ಆಡಳಿತ, ಇನ್ನೊಂದು ಹೊರಗಿನ ಪ್ರಚಾರ ಅಲ್ಲವೆ?

ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಈಗ ಎರಡೂ ಒಂದೇ ಕೆಲಸ ಅನ್ನಿಸುತ್ತದೆ. ನಿಮ್ಮ ತಲೆಯೊಳಗಿರುವ ಚಿತ್ರವನ್ನು ಇನ್ನೊಬ್ಬರ ತಲೆಗೆ ಕೆಡದಂತೆ ದಾಟಿಸಬೇಕು, ಆಮೇಲೆ ಅವರನ್ನು ನಂಬಿ ಸುಮ್ಮನಿರಬೇಕು. ಒಬ್ಬರಿಗೆ ದಾಟಿಸಿದರೆ ಅದು ಕೆಲಸ ಒಪ್ಪಿಸುವುದು, ಐವತ್ತು ಜನರಿಗೆ ದಾಟಿಸಿದರೆ ಭಾಷಣ. "ಅದು ಇದೆಯಲ್ಲ, ಅದನ್ನು ಸ್ವಲ್ಪ ನೋಡಿಕೊಂಡುಬಿಡು" ಎಂದು ನೌಕರನಿಗೆ ಹೇಳಿ ಹೋಗುವವರು ವೇದಿಕೆಯ ಮೇಲೂ ಹಾಗೇ ಮಸುಕಾಗಿ ಮಾತನಾಡುತ್ತಾರೆ. ಒಂದರಲ್ಲಿ ಮಾತು ತಿಳಿಯಾದರೆ ಇನ್ನೊಂದರಲ್ಲೂ ಆಗುತ್ತದೆ. ಇನ್ನೊಂದು ನೇರ ಕೊಂಡಿಯೂ ಇದೆ. ಒಳಗಿನ ಕೆಲಸ ಬಿಟ್ಟುಕೊಡದೆ ಹೊರಗೆ ಹೋಗಿ ಮಾತನಾಡಲು ನಿಮಗೆ ಬಿಡುವೇ ಸಿಗುವುದಿಲ್ಲ.

ನಾನೇ ಮಾಡಿದರೆ ಬೇಗ ಆಗುತ್ತದೆ, ಚೆನ್ನಾಗಿಯೂ ಆಗುತ್ತದೆ. ಹೇಳಿಕೊಡುವ ಹೊತ್ತಿಗೆ ಮುಗಿದೇಹೋಗಿರುತ್ತದೆ. ಮತ್ತೇಕೆ ಕೊಡಬೇಕು?

"ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ" ಎಂಬ ಗಾದೆಯನ್ನು ಕೇಳಿಯೇ ಬೆಳೆದವರು ನಾವು. ಒಂದು ದಿನದ ಮಟ್ಟಿಗೆ ಆ ಮಾತು ನಿಜ. ವರ್ಷದ ಲೆಕ್ಕ ಹಾಕಿ ನೋಡಿ. ದಿನಕ್ಕೆ 20 ನಿಮಿಷ ತಿನ್ನುವ ಕೆಲಸ ಒಂದಿದೆ ಎನ್ನೋಣ. ಅದನ್ನು ಕಲಿಸಲು, ತಿದ್ದಲು, ಮತ್ತೆ ಕಲಿಸಲು ಒಟ್ಟು 10 ಗಂಟೆ ಬೇಕಾಯಿತು. ನಿಮಗೆ ಬಹಳ ಅನ್ನಿಸುತ್ತದೆ. ಆದರೆ 30 ಕೆಲಸದ ದಿನಗಳಲ್ಲಿ ಆ 10 ಗಂಟೆ ವಾಪಸ್ ಬಂದಿರುತ್ತದೆ. ವರ್ಷಕ್ಕೆ 300 ದಿನ ಕೆಲಸ ನಡೆದರೆ ಆ ಒಂದೇ ಕೆಲಸದ ಹಿಂದೆ 100 ಗಂಟೆ ಇದೆ. ಮೊದಲ ವರ್ಷವೇ 90 ಗಂಟೆ ಉಳಿಯಿತು.

ಗುಣಮಟ್ಟದ ಬಗ್ಗೆ ಹೇಳುವುದಾದರೆ, ಹೊಸಬರು ಮೊದಲ ತಿಂಗಳು ನಿಮ್ಮಷ್ಟು ಚೆನ್ನಾಗಿ ಮಾಡುವುದಿಲ್ಲ. ಗ್ರಾಹಕರಿಗೆ ಅಷ್ಟು ಸಾಕೇ ಎಂದು ಮಾತ್ರ ಕೇಳಿಕೊಳ್ಳಿ. ಮಾಲೀಕರ ಕಣ್ಣಿಗೆ ಮಾತ್ರ ಕಾಣುವ ಕೊರತೆಗಳೇ ಹೆಚ್ಚು. ಆರು ತಿಂಗಳಾದ ಮೇಲೆ, ಆ ಕೆಲಸವನ್ನೇ ಮಾಡುವವರು ಹತ್ತು ಕೆಲಸದ ನಡುವೆ ಅದನ್ನೂ ಮಾಡುತ್ತಿದ್ದ ನಿಮಗಿಂತ ಮುಂದೆ ಹೋಗಿರುತ್ತಾರೆ. ಅದನ್ನು ಒಪ್ಪಿಕೊಳ್ಳಲು ಸ್ವಲ್ಪ ಕಷ್ಟವಾಗುತ್ತದೆ, ನನಗೂ ಆಗಿತ್ತು.

ಮೊದಲು ಯಾವ ಕೆಲಸ ಕೊಡಲಿ?

ಒಂದು ವಾರ ನೀವು ಮಾಡಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಗುರುತು ಹಾಕಿ. ಅರ್ಧ ಗಂಟೆಗೊಮ್ಮೆ ಒಂದು ಸಾಲು ಸಾಕು. ಪದೇ ಪದೇ ಬರುವ, ತಪ್ಪಾದರೆ ಸರಿಪಡಿಸಬಹುದಾದ, ಸರಿಯಾಗಿದೆಯೋ ಇಲ್ಲವೋ ಎಂದು ನೋಡಿದ ತಕ್ಷಣ ಹೇಳಬಹುದಾದ ಕೆಲಸಗಳನ್ನು ಹುಡುಕಿ. ಬಿಲ್ ಬರೆಯುವುದು, ಸ್ಟಾಕ್ ಎಣಿಸುವುದು, ಆರ್ಡರ್ ಎಲ್ಲಿಗೆ ಬಂತು ಎಂದು ಗ್ರಾಹಕರಿಗೆ ತಿಳಿಸುವುದು ಇಂಥವು. ಹೆಚ್ಚಿನವರು ಮಾಡುವ ತಪ್ಪೆಂದರೆ ತಮಗೆ ಬೇಸರದ ಕೆಲಸವನ್ನು ಮೊದಲು ದಾಟಿಸುವುದು. ಬೇಸರದ ಕೆಲಸಗಳನ್ನು ನೀವೇ ಅರೆಮನಸ್ಸಿನಿಂದ ಮಾಡುತ್ತಿದ್ದೀರಿ, ಹಾಗಾಗಿ ಅವುಗಳಿಗೆ ಕ್ರಮವೇ ಇರುವುದಿಲ್ಲ. ಕ್ರಮವಿಲ್ಲದ್ದನ್ನು ಕಲಿಸುವುದು ಕಷ್ಟ. ನಿಮಗೆ ಚೆನ್ನಾಗಿ ಬರುವ, ಕಣ್ಣು ಮುಚ್ಚಿ ಮಾಡಬಲ್ಲ ಕೆಲಸವನ್ನೇ ಮೊದಲು ಕೊಡಿ.

ಯಾವುದನ್ನು ಕೊಡಬಾರದು?

ಯಾರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕು, ಯಾರನ್ನು ಬಿಡಿಸಬೇಕು, ಸಾಲ ಮಾಡಬೇಕೆ, ಯಾವ ಬಗೆಯ ಗ್ರಾಹಕರನ್ನು ಬೇಡ ಎನ್ನಬೇಕು ಎಂಬ ತೀರ್ಮಾನಗಳು ನಿಮ್ಮ ಹತ್ತಿರವೇ ಇರಲಿ. ನಿಮ್ಮ ಕಡೆಯಿಂದ ದೊಡ್ಡ ತಪ್ಪಾದಾಗ ಗ್ರಾಹಕರ ಮುಂದೆ ನಿಂತು ಕ್ಷಮೆ ಕೇಳುವುದನ್ನೂ ಬೇರೆಯವರ ಹೆಗಲಿಗೆ ಹಾಕಬೇಡಿ. ತೆರಿಗೆಯ ಲೆಕ್ಕವನ್ನು ಪರಿಣತರು ಮಾಡಲಿ, ಆದರೆ ಸಹಿ ಹಾಕುವ ಮುನ್ನ ಓದುವವರು ನೀವೇ ಆಗಿರಬೇಕು. ಕೆಲಸವನ್ನು ಒಪ್ಪಿಸಬಹುದು, ಕಾನೂನಿನ ಹೊಣೆಯನ್ನು ಒಪ್ಪಿಸಲಾಗುವುದಿಲ್ಲ.

ಕೆಲಸ ಒಪ್ಪಿಸುವಾಗ ಬಾಯಿಬಿಟ್ಟು ಏನೇನು ಹೇಳಬೇಕು?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಕೆಲಸ ಕೆಡುವುದು ಮಾಡುವವರ ಕೈಯಲ್ಲಿ ಎಂದು ನಮಗನ್ನಿಸುತ್ತದೆ, ಬಹಳ ಸಲ ಅದು ಕೊಡುವವರ ಬಾಯಲ್ಲೇ ಕೆಟ್ಟಿರುತ್ತದೆ. "ಗ್ರಾಹಕರ ಫೋನ್‌ಗಳನ್ನು ನೀನು ನೋಡಿಕೋ" ಎಂದರೆ ಅದು ಕೆಲಸ ಒಪ್ಪಿಸಿದಂತಲ್ಲ. ಫೋನ್ ಎತ್ತಿದರೆ ಸಾಕೇ? ದೂರು ಬಂದರೆ ಏನು? ಹಣ ವಾಪಸ್ ಕೇಳಿದರೆ ಯಾರನ್ನು ಕೇಳಬೇಕು? ಇವು ಯಾವುವೂ ಅದರಲ್ಲಿಲ್ಲ.

ಅದನ್ನೇ ಹೀಗೆ ಹೇಳಿ ನೋಡಿ: "ನಾಳೆಯಿಂದ ಫೋನ್ ನಿಮ್ಮದು. ಕರೆ ಮಾಡಿದವರಿಗೆ ಅದೇ ದಿನ ಉತ್ತರ ಸಿಗಬೇಕು, ನಮಗೆ ಬೇಕಿರುವುದು ಅದು. ಏಕೆಂದರೆ ಉತ್ತರ ಸಿಗದೆ ಇಬ್ಬರು ಹಳೆಯ ಗ್ರಾಹಕರು ನಮ್ಮನ್ನು ಬಿಟ್ಟರು. ಬದಲಿ ಸರಕು ಕಳಿಸುವುದಾದರೆ ನನ್ನನ್ನು ಕೇಳಬೇಕಿಲ್ಲ, ನೀವೇ ತೀರ್ಮಾನಿಸಿ. ಹಣ ವಾಪಸ್ ಎಂದರೆ ಮಾತ್ರ ನನಗೆ ಹೇಳಿ. ಶನಿವಾರ ಸಂಜೆ ಹತ್ತು ನಿಮಿಷ ಕೂತು ಆ ವಾರದ ಕರೆಗಳನ್ನು ಇಬ್ಬರೂ ನೋಡೋಣ." ಏನಾಗಬೇಕು, ಏಕೆ ಆಗಬೇಕು, ಎಲ್ಲಿಯವರೆಗೆ ಅವರ ಅಧಿಕಾರ, ಮತ್ತೆ ಯಾವಾಗ ನೋಡುತ್ತೇವೆ ಎಂಬ ನಾಲ್ಕೂ ಅದರಲ್ಲಿವೆ. ಹೇಗೆ ಮಾಡಬೇಕು ಎಂಬುದು ಇಲ್ಲ, ಅದನ್ನು ಬೇಕೆಂದೇ ಬಿಟ್ಟಿದ್ದೇನೆ. ಸುರಕ್ಷತೆಯ ವಿಷಯವಲ್ಲದಿದ್ದರೆ ದಾರಿಯನ್ನು ಅವರೇ ಹುಡುಕಲಿ.

ಇವುಗಳಲ್ಲಿ ಹೆಚ್ಚಾಗಿ ತಪ್ಪಿಹೋಗುವುದು ಅಧಿಕಾರದ ಗಡಿ. ಕೆಲಸ ಕೊಟ್ಟು ಅಧಿಕಾರ ಕೊಡದಿದ್ದರೆ ಅವರು ಪ್ರತಿ ಹೆಜ್ಜೆಗೂ ನಿಮ್ಮ ಬಾಗಿಲಿಗೆ ಬರುತ್ತಾರೆ, ಆಮೇಲೆ ನೀವು "ಇವರಿಗೆ ಸ್ವಂತ ಬುದ್ಧಿಯಿಲ್ಲ" ಎನ್ನುತ್ತೀರಿ. "ವಿಷಯ ತಿಳಿದುಕೊಂಡು ನನಗೆ ಹೇಳಿ", "ಏನು ಮಾಡಬಹುದೆಂದು ಸೂಚಿಸಿ", "ಮಾಡಿ, ಆಮೇಲೆ ತಿಳಿಸಿ", "ಮಾಡಿ, ಹೇಳುವುದೂ ಬೇಡ". ಇವು ನಾಲ್ಕು ಮೆಟ್ಟಿಲುಗಳು. ಈ ಕೆಲಸದಲ್ಲಿ ಅವರು ಯಾವ ಮೆಟ್ಟಿಲ ಮೇಲಿದ್ದಾರೆ ಎಂದು ಆ ದಿನವೇ ಹೇಳಿಬಿಡಿ. ಒಬ್ಬರೇ ವ್ಯಕ್ತಿ ಒಂದು ಕೆಲಸದಲ್ಲಿ ನಾಲ್ಕನೆಯ ಮೆಟ್ಟಿಲಲ್ಲಿ, ಇನ್ನೊಂದರಲ್ಲಿ ಮೊದಲನೆಯದರಲ್ಲಿ ಇರಬಹುದು.

ಕೊನೆಗೆ "ಅರ್ಥವಾಯಿತಾ?" ಎಂದು ಕೇಳಬೇಡಿ. ಎಲ್ಲರೂ ಹೂಂ ಅನ್ನುತ್ತಾರೆ. "ನಾಳೆ ಬೆಳಿಗ್ಗೆ ಮೊದಲು ಏನು ಮಾಡುತ್ತೀರಿ?" ಎಂದು ಕೇಳಿ. ಅವರ ಬಾಯಿಂದ ಬರುವ ಉತ್ತರದಲ್ಲಿ ನಿಮ್ಮ ಮಾತು ಎಷ್ಟು ತಲುಪಿದೆ ಎಂದು ತಿಳಿಯುತ್ತದೆ.

ಎಲ್ಲವನ್ನೂ ಬರೆದಿಡಬೇಕೆ? ನಮ್ಮದು ಇರುವುದೇ ಆರು ಜನ.

ಎಲ್ಲವನ್ನೂ ಬೇಡ. ಮರೆತರೆ ದುಬಾರಿಯಾಗುವ ಹೆಜ್ಜೆಗಳನ್ನು ಮಾತ್ರ ಬರೆಯಿರಿ. 1935ರ ಅಕ್ಟೋಬರ್ 30ರಂದು ಅಮೆರಿಕದ ಓಹಾಯೋದಲ್ಲಿ ಬೋಯಿಂಗ್‌ನ ಮಾಡೆಲ್ 299 ಎಂಬ ಹೊಸ ವಿಮಾನ ಪರೀಕ್ಷಾ ಹಾರಾಟದಲ್ಲಿ ಮೇಲೇರಿದ ಕೂಡಲೇ ನೆಲಕ್ಕೆ ಬಿತ್ತು. ವಿಮಾನದಲ್ಲಿ ದೋಷವಿರಲಿಲ್ಲ. ಗಾಳಿಗೆ ರೆಕ್ಕೆ-ಬಾಲದ ಭಾಗಗಳು ಅಲುಗಾಡದಂತೆ ನಿಲ್ಲಿಸಿದಾಗ ಹಾಕುವ ಲಾಕ್ ಅನ್ನು ಹಾರುವ ಮುನ್ನ ತೆಗೆದಿರಲಿಲ್ಲ. ನಡೆಸುತ್ತಿದ್ದವರು ಬಹಳ ಅನುಭವಿಗಳು. ಅದಾದ ಮೇಲೆ ಪೈಲಟ್‌ಗಳಿಗೆ ಇನ್ನಷ್ಟು ತರಬೇತಿ ಕೊಡುವ ಬದಲು ಹಾರುವ ಮುನ್ನ ಓದಿ ಗುರುತು ಹಾಕುವ ಚಿಕ್ಕ ಪಟ್ಟಿಯನ್ನು ಮಾಡಿದರು. ಪೈಲಟ್‌ಗಳ ಚೆಕ್‌ಲಿಸ್ಟ್ ರೂಢಿಯಾದದ್ದು ಹೀಗೆ. ಅದೇ ವಿಮಾನ ಮುಂದೆ ಬಿ-17 ಎಂಬ ಹೆಸರಿನಲ್ಲಿ ಸಾವಿರಾರು ಸಂಖ್ಯೆಯಲ್ಲಿ ತಯಾರಾಯಿತು.

ನಿಮ್ಮ ಪಟ್ಟಿಯೂ ಒಂದೇ ಹಾಳೆಯಲ್ಲಿ ಹಿಡಿಯಬೇಕು. ಅದನ್ನು ನೀವು ಬರೆಯಬೇಡಿ. ನೀವು ಬಾಯಲ್ಲಿ ಹೇಳಿ, ಕಲಿಯುವವರು ಬರೆದುಕೊಳ್ಳಲಿ, ಆಮೇಲೆ ಆ ಹಾಳೆ ನೋಡಿಕೊಂಡು ನಿಮ್ಮೆದುರೇ ಒಮ್ಮೆ ಮಾಡಲಿ. ಎಲ್ಲಿ ತಡವರಿಸುತ್ತಾರೋ ಅಲ್ಲಿ ಹೇಳಿದ್ದರಲ್ಲೇ ಏನೋ ಬಿಟ್ಟುಹೋಗಿದೆ.

ಕೊಟ್ಟ ಕೆಲಸ ಸಂಜೆಯೊಳಗೆ ನನ್ನ ಮೇಜಿಗೇ ವಾಪಸ್ ಬರುತ್ತದಲ್ಲ?

"ಸರ್, ಒಂದು ತೊಂದರೆ ಆಗಿದೆ" ಎಂದು ಯಾರೋ ದಾರಿಯಲ್ಲಿ ನಿಲ್ಲಿಸುತ್ತಾರೆ. ನೀವು ಅವಸರದಲ್ಲಿ "ಸರಿ, ನೋಡಿ ಹೇಳುತ್ತೇನೆ" ಎನ್ನುತ್ತೀರಿ. ಆ ಕ್ಷಣದಲ್ಲಿ ಕೆಲಸ ಅವರ ಹೆಗಲಿನಿಂದ ನಿಮ್ಮ ಹೆಗಲಿಗೆ ಹಾರಿತು. 1974ರಲ್ಲಿ ವಿಲಿಯಂ ಆಂಕೆನ್ ಮತ್ತು ಡೊನಾಲ್ಡ್ ವಾಸ್ ಎಂಬಿಬ್ಬರು ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯ ಲೇಖನವೊಂದರಲ್ಲಿ ಇದನ್ನು ಹೆಗಲಿಂದ ಹೆಗಲಿಗೆ ನೆಗೆಯುವ ಮಂಗಕ್ಕೆ ಹೋಲಿಸಿದರು. ಅರ್ಧ ಶತಮಾನದ ನಂತರವೂ ಮ್ಯಾನೇಜರ್‌ಗಳ ಮಾತಿನಲ್ಲಿ ಆ ಮಂಗ ಉಳಿದಿದೆ, ಅನುಭವ ಅಷ್ಟು ಸಾಮಾನ್ಯ.

ನನ್ನ ಕ್ರಮ ಇಷ್ಟೆ. ತೊಂದರೆ ತಂದವರನ್ನು ಕೂರಿಸಿ "ನಿಮಗೇನನ್ನಿಸುತ್ತದೆ?" ಎಂದು ಕೇಳಿ, ನಿಜವಾಗಿ ಸುಮ್ಮನಿರುವುದು. ಆ ಮೌನ ಉದ್ದವೆನಿಸುತ್ತದೆ. ತಡೆದುಕೊಳ್ಳಿ. ಹೆಚ್ಚು ಕಡಿಮೆ ಪ್ರತಿ ಸಲವೂ ಅವರ ಹತ್ತಿರ ಒಂದು ಉತ್ತರ ಇರುತ್ತದೆ, ಕೇಳಿದವರಿರಲಿಲ್ಲ ಅಷ್ಟೆ. ಅವರ ಉತ್ತರ ನಿಮ್ಮದಕ್ಕಿಂತ ಸ್ವಲ್ಪ ಕಡಿಮೆ ಚೆನ್ನಾಗಿದ್ದರೂ, ನಷ್ಟವಿಲ್ಲದಿದ್ದರೆ, ಅದನ್ನೇ ಮಾಡಲು ಬಿಡಿ.

ನಂಬಿ ಕೆಲಸ ಕೊಟ್ಟೆ, ಅವರು ತಪ್ಪು ಮಾಡಿದರು. ಈಗ?

ಮೊದಲು ಗ್ರಾಹಕರಿಗೆ ಆದದ್ದನ್ನು ಸರಿಮಾಡಿ, "ತಪ್ಪು ನಮ್ಮದು" ಎಂದು ಹೇಳಿ. ಗ್ರಾಹಕರೆದುರು ನೌಕರನ ಹೆಸರು ಎತ್ತಬೇಡಿ. ಆಮೇಲೆ ಒಳಗೆ ಬಂದು, ಕಂಡದ್ದು ಕೇಳಿದ್ದರಿಂದ ಶುರುಮಾಡಿ: ನಾನು ಏನು ಹೇಳಿದ್ದೆ, ನೀವು ಏನು ಕೇಳಿಸಿಕೊಂಡಿರಿ, ಎಲ್ಲಿ ಬೇರೆಯಾಯಿತು? ಗೊತ್ತಿಲ್ಲದ್ದಕ್ಕೆ ಆದ ತಪ್ಪಿಗೆ ಕಲಿಸುವುದೇ ಮದ್ದು. ಗೊತ್ತಿದ್ದೂ ಉಡಾಫೆಯಿಂದ ಆದದ್ದಕ್ಕೆ ನೇರವಾದ ಮಾತು ಬೇಕು, ಅದೂ ಬಾಗಿಲು ಹಾಕಿಕೊಂಡು. ಸುಳ್ಳು ಹೇಳಿ ಮುಚ್ಚಿಟ್ಟದ್ದಾದರೆ ಅದು ಬೇರೆಯೇ ವಿಷಯ, ಅದನ್ನು ತಪ್ಪುಗಳ ಲೆಕ್ಕಕ್ಕೆ ಸೇರಿಸಬೇಡಿ.

ಒಂದು ತಪ್ಪಾಯಿತೆಂದು ಕೆಲಸವನ್ನೇ ಕಿತ್ತುಕೊಂಡರೆ ಉಳಿದವರೆಲ್ಲ ಅದನ್ನು ನೋಡುತ್ತಾರೆ. ಮುಂದೆ ಯಾರೂ ಜವಾಬ್ದಾರಿ ಕೇಳಿಕೊಂಡು ಬರುವುದಿಲ್ಲ.

ಹಣದ ವ್ಯವಹಾರವನ್ನು ಹೇಗೆ ಒಪ್ಪಿಸುವುದು?

ನಂಬಿಕೆಯ ಮೇಲೆ ಅಲ್ಲ, ವ್ಯವಸ್ಥೆಯ ಮೇಲೆ. ಖರೀದಿಗೆ ಒಪ್ಪಿಗೆ ಕೊಡುವವರು, ಹಣ ಪಾವತಿ ಮಾಡುವವರು, ತಿಂಗಳ ಕೊನೆಗೆ ಬ್ಯಾಂಕ್ ಖಾತೆಯೊಂದಿಗೆ ಲೆಕ್ಕ ತಾಳೆ ನೋಡುವವರು ಒಬ್ಬರೇ ಆಗಿರಬಾರದು. ಜನ ಕಡಿಮೆಯಿದ್ದರೆ ತಾಳೆ ನೋಡುವುದನ್ನು ನೀವೇ ಇಟ್ಟುಕೊಳ್ಳಿ. ಒಂದು ಮೊತ್ತದ ಮೇಲಿನ ಪಾವತಿಗೆ ಇಬ್ಬರ ಒಪ್ಪಿಗೆ ಬೇಕೆಂದು ಬ್ಯಾಂಕಿನಲ್ಲೇ ನಿಗದಿ ಮಾಡಬಹುದು. ನಿಮ್ಮ ಪಾಸ್‌ವರ್ಡ್ ಅನ್ನು ಚೀಟಿಯಲ್ಲಿ ಬರೆದುಕೊಡುವುದು ಕೆಲಸ ಒಪ್ಪಿಸುವುದಲ್ಲ. ಅವರ ಹೆಸರಿನಲ್ಲೇ ಬೇರೆ ಲಾಗಿನ್ ಮಾಡಿಸಿ, ಬೇಕಾದಷ್ಟೇ ಅವಕಾಶ ಕೊಡಿ. ಇದು ಅನುಮಾನವಲ್ಲ ಎಂದು ಮೊದಲೇ ಹೇಳಿ. ಏನಾದರೂ ಹೆಚ್ಚುಕಡಿಮೆಯಾದಾಗ ಪ್ರಾಮಾಣಿಕರನ್ನು ಕಾಪಾಡುವುದೂ ಇದೇ ವ್ಯವಸ್ಥೆ.

ಒಬ್ಬನೇ ಇದ್ದೇನೆ, ಸಂಬಳ ಕೊಡುವಷ್ಟು ಆದಾಯವಿಲ್ಲ. ಯಾರಿಗೆ ಒಪ್ಪಿಸಲಿ?

ವಾರಕ್ಕೆ ಕೆಲವೇ ಗಂಟೆ ಕೆಲಸ ಮಾಡುವವರಿಗೆ, ಹೊರಗಿನ ಲೆಕ್ಕಪತ್ರದವರಿಗೆ, ಇಲ್ಲವೇ ಸಾಫ್ಟ್‌ವೇರ್‌ಗೆ. ಬಾಕಿ ಹಣದ ನೆನಪೋಲೆ ಕಳಿಸಲು ಮನುಷ್ಯರೇ ಬೇಕೆಂದಿಲ್ಲ. ಮನೆಯವರಿಗೆ ಕೊಡುವುದಾದರೆ ಹೊರಗಿನವರಿಗೆ ಹೇಳಿದಷ್ಟೇ ಸ್ಪಷ್ಟವಾಗಿ ಹೇಳಿ, ಹಣವನ್ನೂ ಕೊಡಿ.

ಜನ ಎಷ್ಟಾದ ಮೇಲೆ ನಡುವೆ ಒಬ್ಬ ಮೇಲ್ವಿಚಾರಕರು ಬೇಕು?

ಇದಕ್ಕೆ ಒಂದೇ ಸಂಖ್ಯೆ ಇಲ್ಲ, ಆದರೆ ಯಾಕೆ ಉಸಿರುಕಟ್ಟುತ್ತದೆ ಎಂದು ಗಣಿತ ತೋರಿಸುತ್ತದೆ. ಮೂವರಿದ್ದಾಗ ಇಬ್ಬಿಬ್ಬರ ನಡುವಿನ ಮಾತಿನ ದಾರಿಗಳು 3. ಐವರಾದರೆ 10. ಹತ್ತು ಜನರಾದರೆ 45. ಜನ ಎರಡರಷ್ಟಾದರೆ ದಾರಿಗಳು ನಾಲ್ಕು ಪಟ್ಟಿಗೂ ಮೀರುತ್ತವೆ. ಐವರಿದ್ದಾಗ ಕೂಗಿ ಹೇಳಿದರೆ ಮುಗಿಯುತ್ತಿದ್ದದ್ದು ಹತ್ತಾದಾಗ ಯಾರಿಗೋ ತಲುಪಿರುವುದಿಲ್ಲ. ಒಂದೇ ವಿಷಯವನ್ನು ದಿನಕ್ಕೆ ಮೂರು ಸಲ ಮೂವರಿಗೆ ಹೇಳುತ್ತಿದ್ದೀರಿ ಎಂದಾದಾಗ ಹೊತ್ತು ಬಂದಿದೆ ಎಂದು ತಿಳಿಯಿರಿ. ಎಲ್ಲರಿಗಿಂತ ಚುರುಕಾಗಿ ಕೆಲಸ ಮಾಡುವವರನ್ನೇ ಮೇಲ್ವಿಚಾರಕರನ್ನಾಗಿ ಮಾಡಬೇಕೆಂದಿಲ್ಲ. ಉಳಿದವರು ಸಂಶಯ ಬಂದಾಗ ಈಗಾಗಲೇ ಯಾರ ಹತ್ತಿರ ಹೋಗುತ್ತಿದ್ದಾರೆ, ನೋಡಿ.

ವೇದಿಕೆ ಎಂದರೆ ಭಯ. ಎಲ್ಲಿಂದ ಶುರುಮಾಡಲಿ?

ನಿಮ್ಮದೇ ಜನರ ಮುಂದೆ. ಬೆಳಿಗ್ಗೆ ಕೆಲಸ ಶುರುವಾಗುವ ಮುನ್ನ ಐದು ನಿಮಿಷ, ಎಲ್ಲರೂ ನಿಂತುಕೊಂಡೇ. ನಿನ್ನೆ ಏನಾಯಿತು, ಇವತ್ತು ಯಾವುದು ಮುಖ್ಯ, ಯಾರಿಗೆ ಏನು ಅಡ್ಡಿ. ಕೂತಲ್ಲಿಂದ ಹೇಳಬೇಡಿ, ಎದ್ದು ನಿಲ್ಲಿ. ಫೋನ್ ನೋಡುತ್ತಾ ಹೇಳಬೇಡಿ. ವಾರಕ್ಕೆ ಆರು ದಿನ ಐದೈದು ನಿಮಿಷವಾದರೆ ಮೂರು ತಿಂಗಳಲ್ಲಿ ಸುಮಾರು ಆರೂವರೆ ಗಂಟೆ ಜನರೆದುರು ನಿಂತು ಮಾತನಾಡಿರುತ್ತೀರಿ. ಅಷ್ಟು ಅಭ್ಯಾಸ ಯಾವ ತರಗತಿಯಲ್ಲೂ ಸುಲಭವಾಗಿ ಸಿಗದು. ಕೇಳುವವರೂ ಪ್ರಾಮಾಣಿಕರು: ನೀವು ಹೇಳಿದ್ದು ಅರ್ಥವಾಗದಿದ್ದರೆ ಅದು ಮಧ್ಯಾಹ್ನದೊಳಗೆ ಕೆಲಸದಲ್ಲಿ ಕಾಣುತ್ತದೆ.

ಮೈಕ್ ಹಿಡಿದರೆ ಕೈ ನಡುಗುತ್ತದೆ, ಬಾಯಿ ಒಣಗುತ್ತದೆ. ಇದು ಹೋಗುತ್ತದೆಯೆ?

ಪೂರ್ತಿ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಹತ್ತಾರು ಕಣ್ಣುಗಳು ನಮ್ಮನ್ನೇ ನೋಡಿದಾಗ ದೇಹ ಅಪಾಯ ಎಂದು ಬಗೆದು ಅಡ್ರಿನಲಿನ್ ಹರಿಸುತ್ತದೆ. ಎದೆಬಡಿತ ಏರುತ್ತದೆ, ಜೊಲ್ಲು ಕಡಿಮೆಯಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಹೆಚ್ಚಿನವರಿಗೆ ಮೊದಲ ಒಂದೆರಡು ನಿಮಿಷದ ನಂತರ ಅದು ಇಳಿಯುತ್ತಾ ಬರುತ್ತದೆ. ಹಾಗಾಗಿ ಆರಂಭದ ಎರಡು ವಾಕ್ಯ ಮಾತ್ರ ನಿದ್ದೆಯಲ್ಲೂ ಬರುವಷ್ಟು ಗಟ್ಟಿಯಾಗಿರಲಿ.

ಇಲ್ಲಿ ಎರಡು ಸಂಶೋಧನೆಗಳು ನನಗೆ ನಿಜಕ್ಕೂ ನೆರವಾದವು. ಒಂದು, ಮನೋವಿಜ್ಞಾನಿಗಳಾದ ಕೆನೆತ್ ಸಾವಿಟ್ಸ್ಕಿ ಮತ್ತು ಥಾಮಸ್ ಗಿಲೊವಿಚ್ 2003ರಲ್ಲಿ ಪ್ರಕಟಿಸಿದ್ದು. ಮಾತನಾಡುವವರು ತಮ್ಮ ನಡುಕ ಎಲ್ಲರಿಗೂ ಕಾಣುತ್ತಿದೆ ಎಂದುಕೊಳ್ಳುತ್ತಾರೆ, ಕೇಳುಗರಿಗೆ ಅಷ್ಟು ಕಾಣುವುದೇ ಇಲ್ಲ. ಈ ಸಂಗತಿಯನ್ನು ಮೊದಲೇ ತಿಳಿದುಕೊಂಡಿದ್ದವರು ಉಳಿದವರಿಗಿಂತ ಚೆನ್ನಾಗಿ ಮಾತನಾಡಿದರು. ಇನ್ನೊಂದು, ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನ ಅಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ್ದು. ಭಾಷಣಕ್ಕೆ ಮುನ್ನ "ನಾನು ಶಾಂತವಾಗಿದ್ದೇನೆ" ಎಂದುಕೊಂಡವರಿಗಿಂತ "ನಾನು ಉತ್ಸಾಹದಲ್ಲಿದ್ದೇನೆ" ಎಂದು ಬಾಯಿಬಿಟ್ಟು ಹೇಳಿಕೊಂಡವರು ಹೆಚ್ಚು ಮನವೊಲಿಸುವಂತೆ ಮಾತನಾಡಿದರು. ಹೊಡೆದುಕೊಳ್ಳುತ್ತಿರುವ ಎದೆಯನ್ನು ಸುಮ್ಮನಿರು ಎಂದು ಗದರಿಸುವುದಕ್ಕಿಂತ ಅದೇ ಬಡಿತಕ್ಕೆ ಬೇರೆ ಹೆಸರಿಡುವುದು ಸುಲಭ.

ಕೈಯಲ್ಲಿ ಹಾಳೆ ಹಿಡಿಯಬೇಡಿ, ಸಣ್ಣ ನಡುಕವನ್ನೂ ಅದು ದೊಡ್ಡದು ಮಾಡುತ್ತದೆ. ದಪ್ಪ ಕಾರ್ಡ್ ಆಗಬಹುದು. ಮಾತು ಶುರುಮಾಡುವ ಮುನ್ನ ಒಮ್ಮೆ ಉಸಿರನ್ನು ನಿಧಾನವಾಗಿ ಹೊರಕ್ಕೆ ಬಿಡಿ.

ನಾನು ಹುಟ್ಟಾ ಮಾತುಗಾರನಲ್ಲ. ಇದು ಕಲಿತು ಬರುವಂಥದ್ದೆ?

ಲಂಡನ್ನಿನಲ್ಲಿ ಓದುತ್ತಿದ್ದಾಗ ಗಾಂಧೀಜಿ ಸಸ್ಯಾಹಾರಿ ಸಂಘದ ಸಭೆಗೆ ಬರೆದುಕೊಂಡು ಹೋದ ಮಾತುಗಳನ್ನೂ ಓದಲಾರದೆ ಬೇರೊಬ್ಬರಿಂದ ಓದಿಸಿದ್ದುಂಟು. ಬ್ಯಾರಿಸ್ಟರ್ ಆಗಿ ಮುಂಬೈಯ ಸಣ್ಣ ವ್ಯಾಜ್ಯಗಳ ನ್ಯಾಯಾಲಯದಲ್ಲಿ ಮೊದಲ ಮೊಕದ್ದಮೆಗೆ ಎದ್ದು ನಿಂತಾಗ ಒಂದು ಪ್ರಶ್ನೆಯೂ ಬಾಯಿಗೆ ಬರಲಿಲ್ಲ. ಶುಲ್ಕ ವಾಪಸ್ ಮಾಡಿ, ಬೇರೆ ವಕೀಲರನ್ನು ಇಟ್ಟುಕೊಳ್ಳಿ ಎಂದು ಹೊರಟುಬಿಟ್ಟರು. ಮಾತಿಗೆ ಹಿಂಜರಿಯುವ ಆ ಸ್ವಭಾವವೇ ತಮಗೆ ಪದಗಳ ಮಿತವ್ಯಯ ಕಲಿಸಿತು ಎಂದು ಮುಂದೆ ಆತ್ಮಕಥೆಯಲ್ಲಿ ಬರೆದರು. ವ್ಯವಹಾರದ ಲೋಕದಿಂದ ಹೇಳುವುದಾದರೆ, ಹೂಡಿಕೆದಾರ ವಾರನ್ ಬಫೆಟ್ ಯೌವನದಲ್ಲಿ ಸಭೆಯಲ್ಲಿ ಮಾತನಾಡಲು ಹೆದರುತ್ತಿದ್ದರು. 1950ರ ದಶಕದ ಆರಂಭದಲ್ಲಿ ಡೇಲ್ ಕಾರ್ನೆಗಿ ಭಾಷಣ ತರಬೇತಿಗೆ ಸೇರಿದರು. ಅವರ ಕಚೇರಿಯ ಗೋಡೆಯ ಮೇಲೆ ತೂಗುಹಾಕಿದ್ದು ಕಾಲೇಜಿನ ಪದವಿಪತ್ರವಲ್ಲ, ಆ ತರಬೇತಿಯ ಪ್ರಮಾಣಪತ್ರ.

ತೊದಲುವಿಕೆ ಇದ್ದರೆ ಅದು ಧೈರ್ಯದ ಕೊರತೆಯಲ್ಲ. ವಾಕ್ ಚಿಕಿತ್ಸಕರನ್ನು ನೋಡಿ.

ಐದು ನಿಮಿಷ ನಿಮ್ಮ ಉದ್ದಿಮೆಯ ಬಗ್ಗೆ ಹೇಳಿ ಎಂದರೆ ಏನು ಹೇಳಲಿ?

"ನಮ್ಮ ಸಂಸ್ಥೆ ಇಂಥ ವರ್ಷ ಶುರುವಾಯಿತು" ಎಂದು ಮಾತ್ರ ಆರಂಭಿಸಬೇಡಿ. ಕೂತವರು ತಮ್ಮ ಕಷ್ಟವನ್ನು ಹೊತ್ತು ಬಂದಿರುತ್ತಾರೆ, ನಿಮ್ಮ ಇತಿಹಾಸ ಅವರಿಗೆ ಬೇಕಾಗುವುದು ಆಮೇಲೆ. ಒಬ್ಬ ಗ್ರಾಹಕರ ಕಥೆಯಿಂದ ಶುರುಮಾಡಿ: ಅವರಿಗೆ ಏನು ತೊಂದರೆಯಿತ್ತು, ಮೊದಲು ಏನೇನು ಮಾಡಿ ಸೋತರು, ನಿಮ್ಮಲ್ಲಿಗೆ ಬಂದಾಗ ನೀವು ಏನು ಬೇರೆ ಮಾಡಿದಿರಿ, ಈಗ ಅವರ ದಿನ ಹೇಗಿದೆ. ಹೆಸರು ಬಳಸುವುದಾದರೆ ಅವರ ಒಪ್ಪಿಗೆ ಪಡೆಯಿರಿ. ಐದು ನಿಮಿಷಕ್ಕೆ ಒಂದೇ ಕಥೆ, ಒಂದೇ ವಿಷಯ. ಮೂರು ಹೇಳಿದರೆ ಒಂದೂ ಉಳಿಯುವುದಿಲ್ಲ. ಕೇಳಿದವರು ಮನೆಗೆ ಹೋಗಿ ನಿಮ್ಮ ಬಗ್ಗೆ ಒಂದು ವಾಕ್ಯ ಹೇಳಿದರೆ ಅದು ಯಾವುದಾಗಿರಬೇಕು? ಆ ವಾಕ್ಯವನ್ನು ಮೊದಲು ಬರೆದುಕೊಂಡು ಅಲ್ಲಿಂದ ಹಿಂದಕ್ಕೆ ಕಟ್ಟುತ್ತಾ ಬನ್ನಿ.

ಬಾಯಿಪಾಠ ಮಾಡಬೇಕೆ?

ಬೇಡ. ಒಂದು ಪದ ಮರೆತರೆ ಇಡೀ ಸಾಲು ಕಡಿದುಹೋಗುತ್ತದೆ. ಆರಂಭ ಮತ್ತು ಕೊನೆಯ ವಾಕ್ಯ ಗಟ್ಟಿಯಾಗಿರಲಿ, ನಡುವಿಗೆ ನಾಲ್ಕೈದು ಮೈಲಿಗಲ್ಲಿನಂಥ ಪದಗಳು ಸಾಕು. ಮನಸ್ಸಿನಲ್ಲಿ ಓದಿಕೊಳ್ಳುವುದು ಅಭ್ಯಾಸವಲ್ಲ, ಗಟ್ಟಿಯಾಗಿ ನಿಂತು ಹೇಳಬೇಕು. ಫೋನಿನಲ್ಲಿ ರೆಕಾರ್ಡ್ ಮಾಡಿ ಒಮ್ಮೆ ಕೇಳಿ. ನಿಮ್ಮ ಧ್ವನಿ ನಿಮಗೇ ಅಪರಿಚಿತ ಅನ್ನಿಸುತ್ತದೆ. ಏಕೆಂದರೆ ಮಾತನಾಡುವಾಗ ಅದು ತಲೆಬುರುಡೆಯ ಎಲುಬಿನ ಮೂಲಕವೂ ನಿಮ್ಮ ಕಿವಿಗೆ ತಲುಪುತ್ತಿರುತ್ತದೆ. ಉಳಿದವರು ಯಾವಾಗಲೂ ಕೇಳುತ್ತಿರುವುದು ರೆಕಾರ್ಡಿನಲ್ಲಿರುವ ಧ್ವನಿಯನ್ನೇ, ಅವರಿಗೆ ಅದರಲ್ಲಿ ವಿಚಿತ್ರವೇನೂ ಇಲ್ಲ.

ಎಷ್ಟು ಹೊತ್ತು ಮಾತನಾಡಬೇಕು?

ಕೊಟ್ಟದ್ದಕ್ಕಿಂತ ಸ್ವಲ್ಪ ಕಡಿಮೆ. 1863ರ ನವೆಂಬರ್ 19ರಂದು ಅಮೆರಿಕದ ಗೆಟಿಸ್‌ಬರ್ಗ್‌ನಲ್ಲಿ ಮುಖ್ಯ ಭಾಷಣಕಾರರಾಗಿದ್ದ ಎಡ್ವರ್ಡ್ ಎವರೆಟ್ ಸುಮಾರು ಎರಡು ಗಂಟೆ ಮಾತನಾಡಿದರು. ಅವರ ನಂತರ ಎದ್ದ ಅಧ್ಯಕ್ಷ ಲಿಂಕನ್ ಅವರ ಮಾತು 270 ಚಿಲ್ಲರೆ ಪದಗಳಲ್ಲಿ, ಎರಡು-ಮೂರು ನಿಮಿಷದಲ್ಲಿ ಮುಗಿಯಿತು. ಇಂದಿಗೂ ಜನ ನೆನಪಿಟ್ಟಿರುವುದು ಆ ಎರಡನೆಯದನ್ನು.

ಮಾತಿನ ಪರಿಣಾಮದಲ್ಲಿ ಪದಗಳ ಪಾಲು ಶೇ 7 ಮಾತ್ರ, ಉಳಿದದ್ದೆಲ್ಲ ಧ್ವನಿ ಮತ್ತು ಹಾವಭಾವ ಎನ್ನುತ್ತಾರಲ್ಲ?

ತರಬೇತಿಗಳಲ್ಲಿ ಇದನ್ನು ಎಷ್ಟು ಸಲ ಕೇಳಿದ್ದೇನೋ! ಆ ಅಂಕಿ ಬಂದದ್ದು ಮನೋವಿಜ್ಞಾನಿ ಆಲ್ಬರ್ಟ್ ಮೆಹ್ರಾಬಿಯನ್ ಅವರ 1967ರ ಪ್ರಯೋಗಗಳಿಂದ. ಅಲ್ಲಿ ಪರೀಕ್ಷಿಸಿದ್ದು ಪದ, ಧ್ವನಿ, ಮುಖಭಾವ ಒಂದಕ್ಕೊಂದು ಹೊಂದದಿದ್ದಾಗ ಜನ ಇಷ್ಟಾನಿಷ್ಟದಂಥ ಭಾವನೆಗಳನ್ನು ಯಾವುದರಿಂದ ಗ್ರಹಿಸುತ್ತಾರೆ ಎಂಬುದನ್ನು ಮಾತ್ರ. ಎಲ್ಲ ಮಾತಿಗೂ ಇದು ಅನ್ವಯಿಸುವುದಿಲ್ಲ ಎಂದು ಅವರೇ ಸ್ಪಷ್ಟಪಡಿಸಿದ್ದಾರೆ. ನೆಟ್ಟಗೆ ನಿಲ್ಲಿ, ಜನರ ಕಣ್ಣು ನೋಡಿ ಮಾತನಾಡಿ, ಆದರೆ ನಿಮ್ಮ ಶ್ರಮದ ಹೆಚ್ಚಿನ ಭಾಗ ಏನು ಹೇಳಬೇಕು ಎಂಬುದಕ್ಕೇ ಹೋಗಲಿ.

ನನ್ನದಲ್ಲದ ಭಾಷೆಯಲ್ಲಿ ಮಾತನಾಡಬೇಕಾಗಿ ಬಂದರೆ?

ಸಣ್ಣ ವಾಕ್ಯಗಳು, ನಿಧಾನದ ಗತಿ. ವ್ಯಾಕರಣ ತಪ್ಪಿದರೆ ನಿಂತು ತಿದ್ದಿಕೊಳ್ಳಬೇಡಿ, ಮುಂದುವರಿಯಿರಿ. ಬಾಯಿಗೆ ತೊಡಕಾಗುವ ಪದವನ್ನು ಬಿಟ್ಟು ಸುಲಭದ್ದನ್ನು ಹಾಕಿಕೊಳ್ಳಿ. ಆಯ್ಕೆಯಿದ್ದರೆ ನಿಮ್ಮ ಭಾಷೆಯಲ್ಲೇ ಮಾತನಾಡಿ. ತನ್ನ ಭಾಷೆಯಲ್ಲಿ ಮಾತನಾಡುವಾಗ ಮನುಷ್ಯನ ಮುಖವೇ ಬೇರೆ.

ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಿಬಿಟ್ಟರೆ?

"ಇದು ನನಗೆ ಈಗ ಗೊತ್ತಿಲ್ಲ, ನಾಳೆ ಸಂಜೆಯೊಳಗೆ ತಿಳಿಸುತ್ತೇನೆ" ಎಂದು ಹೇಳಿ, ನಿಜವಾಗಿ ತಿಳಿಸಿ. ಹಾಗೆ ತಿಳಿಸಿದ್ದರಿಂದಲೇ ಗ್ರಾಹಕರಾದವರಿದ್ದಾರೆ. ಪ್ರಶ್ನೆಯನ್ನು ಉತ್ತರಿಸುವ ಮುನ್ನ ಎಲ್ಲರಿಗೂ ಕೇಳುವಂತೆ ಒಮ್ಮೆ ನೀವೇ ಹೇಳಿ. ಹಿಂದೆ ಕೂತವರಿಗೂ ತಲುಪುತ್ತದೆ, ನಿಮಗೂ ಯೋಚಿಸಲು ಐದು ಸೆಕೆಂಡ್ ಸಿಗುತ್ತದೆ.

ಹೊರಗೆ ಅಭ್ಯಾಸಕ್ಕೆ ಎಲ್ಲಿಗೆ ಹೋಗಬಹುದು?

ರಾಲ್ಫ್ ಸ್ಮೆಡ್ಲಿ ಎಂಬವರು 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಅನಾದಲ್ಲಿ ಶುರುಮಾಡಿದ ಟೋಸ್ಟ್‌ಮಾಸ್ಟರ್ಸ್ ಕ್ಲಬ್‌ಗಳು ಈಗ ಬಹಳ ದೇಶಗಳಲ್ಲಿವೆ. ಸಾಮಾನ್ಯವಾಗಿ ಐದರಿಂದ ಏಳು ನಿಮಿಷದ ಸಿದ್ಧ ಭಾಷಣ, ಒಂದೆರಡು ನಿಮಿಷದ ಆಶುಭಾಷಣ, ಆಮೇಲೆ ಒಬ್ಬರು ಎದ್ದು ನಿಮ್ಮ ಭಾಷಣದ ವಿಮರ್ಶೆ. ಸಮಯ ನೋಡುವವರೊಬ್ಬರು, "ಆಂ", "ಅಂದರೆ" ಎಂಬ ಅಡ್ಡಪದಗಳನ್ನು ಎಣಿಸುವವರೊಬ್ಬರು. ಗಮನಿಸಿ, ಆ ಸಭೆಯೇ ಕೆಲಸ ಹಂಚಿಕೆಯ ಒಳ್ಳೆಯ ಮಾದರಿ: ಪ್ರತಿಯೊಬ್ಬರಿಗೂ ಸ್ಪಷ್ಟವಾದ ಪಾತ್ರ, ಪ್ರತಿ ಸಲ ಬೇರೆಯವರಿಗೆ. ವ್ಯಾಪಾರಿಗಳ ಸಂಘ, ಶಾಲಾ ಪೋಷಕರ ಸಭೆ, ನಿವಾಸಿಗಳ ಸಂಘದ ಸಭೆಗಳಲ್ಲಿ ಸ್ವಾಗತವೋ ವಂದನಾರ್ಪಣೆಯೋ ಸಿಕ್ಕರೂ ಬಿಡಬೇಡಿ.

ಮಾತನಾಡಿದ್ದರಿಂದ ವ್ಯಾಪಾರ ಬರುತ್ತದೆಯೆ?

ಅದೇ ದಿನ ಬರುವುದು ಕಡಿಮೆ. ಕೇಳಿದವರು ವಾರಗಳ ನಂತರ ಅಗತ್ಯ ಬಿದ್ದಾಗ ನೆನಪಿಸಿಕೊಳ್ಳುತ್ತಾರೆ. ಹಾಗೆ ನೆನಪಿಸಿಕೊಂಡು ಫೋನ್ ಮಾಡಿದಾಗ ಎತ್ತುವವರಿರಬೇಕು. ಒಂದು ಸಲ ನಾನು ಮಾತನಾಡಿ ಬಂದ ಮೇಲೆ ವಿಚಾರಣೆಗಳು ಬಂದವು, ಅವಕ್ಕೆ ಬೆಲೆ ಲೆಕ್ಕಹಾಕಿ ಹೇಳಬಲ್ಲವನು ನಾನೊಬ್ಬನೇ ಆಗಿದ್ದೆ. ಅರ್ಧದಷ್ಟು ಜನ ಕಾದು ಬೇರೆ ಕಡೆ ಹೋದರು. ಆದ್ದರಿಂದ ಕ್ರಮ ಹೀಗಿರಲಿ: ಹೊಸ ಗ್ರಾಹಕರನ್ನು ಮಾತನಾಡಿಸುವ, ಬೆಲೆ ಹೇಳುವ ಕೆಲಸವನ್ನು ಮೊದಲು ಒಪ್ಪಿಸಿ, ಆಮೇಲೆ ವೇದಿಕೆ ಹತ್ತಿ. "ಎಲ್ಲಿಂದ ತಿಳಿದು ಬಂದಿರಿ?" ಎಂದು ಯಾರಾದರೂ ಗ್ರಾಹಕರನ್ನು ಕೇಳಿ ಬರೆದಿಡುತ್ತಿರಲಿ, ಯಾವ ಸಭೆ ಫಲ ಕೊಟ್ಟಿತು ಎಂದು ವರ್ಷದ ಕೊನೆಗೆ ಗೊತ್ತಾಗುತ್ತದೆ.

ಮಾತನಾಡುವುದನ್ನೂ ನೌಕರರಿಗೆ ಒಪ್ಪಿಸಬಹುದೆ?

ಖಂಡಿತ, ಒಪ್ಪಿಸಲೇಬೇಕು. ಬೆಳಗಿನ ಐದು ನಿಮಿಷದ ಸಭೆಯನ್ನು ವಾರಕ್ಕೊಬ್ಬರು ನಡೆಸಲಿ. ಆಮೇಲೆ ಹೊಸ ಗ್ರಾಹಕರಿಗೆ ಕೆಲಸ ತೋರಿಸಿ ವಿವರಿಸುವುದು. ಆಮೇಲೆ ಹೊರಗಿನ ಒಂದು ಸಭೆ. ಕೆಲಸವನ್ನು ಕೈಯಾರೆ ಮಾಡುವವರ ಮಾತಿನಲ್ಲಿ ಮಾಲೀಕರ ಮಾತಿನಲ್ಲಿಲ್ಲದ ತೂಕ ಇರುತ್ತದೆ, ಕೇಳುವವರಿಗೆ ಅದು ತಿಳಿಯುತ್ತದೆ. ಏನು ಹೇಳಬೇಕೆಂದು ನೀವು ಬರೆದುಕೊಡಬೇಡಿ. ಯಾರು ಕೇಳುತ್ತಾರೆ, ಎಷ್ಟು ಹೊತ್ತು, ಯಾವ ವಿಷಯ ಹೊರಗೆ ಹೇಳುವಂತಿಲ್ಲ ಎಂಬಿಷ್ಟನ್ನು ತಿಳಿಸಿ, ಹಿಂದಿನ ದಿನ ಒಮ್ಮೆ ಕೇಳಿಸಿಕೊಳ್ಳಿ.

ಅವರು ಮಾತನಾಡುವ ದಿನ ಹಿಂದಿನ ಸಾಲಿನಲ್ಲಿ ಕೂರಿ. ಪದ ಸಿಗದೆ ನಿಂತರೆ ಕೂತಲ್ಲಿಂದ ಎತ್ತಿಕೊಡಬೇಡಿ, ಅವರಿಗೇ ಸಿಗುತ್ತದೆ. ಮುಗಿದ ಮೇಲೆ ಯಾರೋ ನಿಮ್ಮ ಕಡೆ ತಿರುಗಿ ಮಾಲೀಕರು ನೀವಲ್ಲವೆ ಎಂದು ಪ್ರಶ್ನೆ ಕೇಳುತ್ತಾರೆ. ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. "ಅವರನ್ನೇ ಕೇಳಿ, ಅದನ್ನು ನೋಡಿಕೊಳ್ಳುವವರು ಅವರು" ಎಂದು ವೇದಿಕೆಯ ಕಡೆ ಕೈ ತೋರಿಸಿ.